ಐವತ್ತೆಂಟನೆಯ ನಿಮಿಷ

ಸಮ್ಮೇಳನ ನಡೆಸುವವನಿಗೆ ಸಮ್ಮೇಳನ ನೋಡುವ ಯೋಗವಿರುವುದಿಲ್ಲ. ಓಬಳೇಶ ಇಪ್ಪತ್ತು ವರ್ಷ ವಿಶ್ವ ವಿಜ್ಞಾನಕಥಾ ಪ್ರೇಮಿಗಳ ಸಮ್ಮೇಳನಕ್ಕಾಗಿ ದುಡಿದಿದ್ದ. ಒಂದು ಗೋಷ್ಠಿಯನ್ನಾದರೂ ಪೂರ್ತಿ ಕೂತು ಕೇಳಿದವನಲ್ಲ. ವೇದಿಕೆಯ ಮೇಲೆ ಬ್ರಹ್ಮಾಂಡದ ಕೊನೆಗಾಲದ ಬಗ್ಗೆ ಚರ್ಚೆ ನಡೆಯುತ್ತಿದ್ದರೆ ಇವನು ಹಿಂದುಗಡೆ ಪೋಲೆಂಡಿನವರ ಕಳೆದುಹೋದ ಪೆಟ್ಟಿಗೆ ಹುಡುಕುತ್ತಿದ್ದ, ಇಲ್ಲವೇ ಡ್ರ್ಯಾಗನ್ ವೇಷದವನ ಬಾಲ ಲಿಫ್ಟಿನ ಬಾಗಿಲಿಗೆ ಸಿಕ್ಕಿಕೊಂಡದ್ದನ್ನು ಬಿಡಿಸುತ್ತಿದ್ದ. ಸಂಬಳವಿಲ್ಲದ ಕೆಲಸ. ಪ್ರತಿವರ್ಷ ಒಂದಿಷ್ಟು ಊರುಗಳ ಹುಚ್ಚರು ಮುಂದೆ ಬಂದು 'ನಮ್ಮಲ್ಲಿ ಮಾಡಿ' ಎಂದು ಕೇಳಿಕೊಳ್ಳುತ್ತಾರೆ, ಸದಸ್ಯರು ಮತ ಹಾಕಿ ಒಂದು ಊರನ್ನು ಆರಿಸುತ್ತಾರೆ. ಗೆದ್ದವರು ಎರಡು ವರ್ಷ ಊಟ ನಿದ್ದೆ ಬಿಟ್ಟು ಎಲ್ಲವನ್ನೂ ಹೊಂದಿಸುತ್ತಾರೆ, ಆಮೇಲೆ ಸಾರಿಗೆ ಖಾರ ಹೆಚ್ಚಾಯಿತೆಂದು ಮೂವತ್ತು ಭಾಷೆಗಳಲ್ಲಿ ಬೈಸಿಕೊಳ್ಳುತ್ತಾರೆ.

ಆ ವರ್ಷ ಗೆದ್ದದ್ದು ಚಿತ್ರದುರ್ಗ. ಲಿಸ್ಬನ್, ಒಸಾಕದಂಥ ಊರುಗಳನ್ನು ಹಿಂದೆ ಹಾಕಿ ಚಿತ್ರದುರ್ಗ ಗೆದ್ದದ್ದು ಕೋಟೆಯ ದೆಸೆಯಿಂದಲ್ಲ. ಓಬಳೇಶನ ಹೆಂಡತಿ ಹಂಸವೇಣಿಯ ಮಾತುಗಾರಿಕೆಯೂ ಸ್ವಲ್ಪ ಕೆಲಸ ಮಾಡಿತ್ತು ಅನ್ನಿ, ಆದರೆ ನಿಜವಾದ ಕಾರಣ ಊರಾಚೆಯ ಹಳೆಯ ತಾಮ್ರದ ಗಣಿಯೊಳಗೆ ಒಂದು ಸಂಶೋಧನಾಲಯದವರು ಕಟ್ಟಿದ್ದ ನಿಧಾನ ಮಂಟಪ.

ಅದರ ಗುಟ್ಟು ಇಷ್ಟೇ. ಮಂಟಪದ ಗೋಡೆಯ ಸುತ್ತ ಹರಿಯುವ ಒಂದು ಬಲಕ್ಷೇತ್ರ ಒಳಗಿನ ಕಾಲವನ್ನು ನಿಧಾನಗೊಳಿಸುತ್ತದೆ. ಒಳಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಅವರ ಗಡಿಯಾರ, ಉಸಿರು, ಯೋಚನೆ ಎಲ್ಲವೂ ಒಟ್ಟಿಗೇ ನಿಧಾನವಾಗುತ್ತವೆ. ಒಳಗೆ ಒಂದು ಗಂಟೆ ಕಳೆದರೆ ಹೊರಗೆ ಮೂರು ದಿನ. ಒಂದು ಗಂಟೆ ಕೂತು ಎದ್ದು ಬಂದವನು ಮೂರು ದಿನ ಮುಂದಿನ ಲೋಕಕ್ಕೆ ಕಾಲಿಡುತ್ತಾನೆ. ಜೀವಮಾನವಿಡೀ ಭವಿಷ್ಯದ ಕಥೆ ಓದಿಕೊಂಡು ಬಂದವರಿಗೆ ಮೂರೇ ಮೂರು ದಿನದ ಭವಿಷ್ಯಕ್ಕೆ ಪ್ರವೇಶ ಸಿಗುತ್ತದೆ ಎಂದರೆ ಬಿಟ್ಟಾರೆಯೇ? ಸಮ್ಮೇಳನದ ಸಮಾರೋಪವನ್ನು ಈ ಮಂಟಪದಲ್ಲೇ ಮಾಡುತ್ತೇವೆಂದು ಹಂಸವೇಣಿ ಘೋಷಿಸಿದ್ದೇ ತಡ, ಮತಗಳು ಸುರಿದವು.

ಸಮಾರೋಪಕ್ಕೆ ಅವರದೇ ಆದ ಎರಡು ಪದ್ಧತಿಗಳಿದ್ದವು. ಮೊದಲನೆಯದು 'ಭವಿಷ್ಯದ ತಂತಿ'. ಮುಂದಿನ ಕಾಲದಿಂದ ಬಂತೆಂದು ಹೇಳಿ ಒಂದು ಹುಸಿ ತಂತಿಯನ್ನು ಸಭೆಯಲ್ಲಿ ಓದುತ್ತಿದ್ದರು: 'ಇದು ತಮಾಷೆಯಲ್ಲ, ತಕ್ಷಣ ಹೊರಗೆ ಓಡಿ, ಭೂಮಿ ಮುಗಿಯುತ್ತಿದೆ, ಕೊಡೆ ಮರೆಯಬೇಡಿ' ಎಂಬಂಥ ಕೀಟಲೆ. ಹನ್ನೆರಡು ವರ್ಷಗಳಿಂದ ಅದನ್ನು ಬರೆಯುತ್ತಿದ್ದವನು ಓಬಳೇಶ. ಸಮ್ಮೇಳನದಲ್ಲಿ ಅವನಿಗೆ ಸಿಗುತ್ತಿದ್ದ ಒಂದೇ ಒಂದು ಸಂತೋಷ ಅದು. ಎರಡನೆಯದು, ತಂತಿ ಮುಗಿದ ಮೇಲೆ ಅಧ್ಯಕ್ಷರು ಕೇಳುವ ಪ್ರಶ್ನೆ: "ಸಾಕೋ, ಇನ್ನೂ ಬೇಕೋ?" ಇಡೀ ಸಭೆ ಕೈ ಎತ್ತಿ ಇನ್ನೂ ಬೇಕೆಂದು ಕೂಗುತ್ತದೆ. ಕೂಗಿ, ನಕ್ಕು, ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತದೆ. ಇನ್ನೂ ಬೇಕೆಂದವರಿಗೆ ಇನ್ನೂ ಕೊಟ್ಟವರು ಅಲ್ಲಿಯ ತನಕ ಯಾರೂ ಇರಲಿಲ್ಲ.

ಈ ಸಲ ಕೊಡಬಹುದಲ್ಲ ಎಂದು ಹೊಳೆದದ್ದು ಓಬಳೇಶನಿಗೇ. ಗಂಟೆ ಮುಗಿದ ಕೂಡಲೇ ಮಂಟಪ ತಾನಾಗಿ ಆರುತ್ತದೆ. ಆದರೆ ಒಳಗಿನ ಒಂದು ಸನ್ನೆಕೋಲನ್ನು ಎಳೆದರೆ ಇನ್ನೊಂದು ಗಂಟೆ ಮುಂದುವರಿಯುತ್ತದೆ, ಮತ್ತೆ ನಡುವೆ ನಿಲ್ಲಿಸಲು ಬರುವುದಿಲ್ಲ. ಕಾರ್ಯಕ್ರಮದ ಪಟ್ಟಿಯಲ್ಲಿ ಅವನು ತನ್ನ ಕೈಯಾರೆ ಹೀಗೆ ಬರೆದ: 'ಐವತ್ತೆಂಟನೆಯ ನಿಮಿಷ: ಅಧ್ಯಕ್ಷರ ಪ್ರಶ್ನೆ. ಕೈಗಳು ಎದ್ದರೆ ಎಂಜಿನಿಯರ್ ಹಾಲೇಶ್ ಸನ್ನೆ ಎಳೆಯುವುದು.' ಇನ್ನೂ ಮೂರು ದಿನ ತಾನೇ. ಎಲ್ಲರ ವಾಪಸಾತಿ ವಿಮಾನವನ್ನೂ ಆ ಲೆಕ್ಕ ಇಟ್ಟುಕೊಂಡೇ ಅವನು ಗೊತ್ತು ಮಾಡಿದ್ದ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮೂವತ್ತೊಂದು ದೇಶಗಳ ಆರುನೂರ ಹನ್ನೆರಡು ಜನ ಗಣಿಯ ಬಾಗಿಲಲ್ಲಿ ಸಾಲು ನಿಂತರು. ಅಧ್ಯಕ್ಷೆ ಹಂಸವೇಣಿ ಇಳಕಲ್ ಸೀರೆ ಉಟ್ಟು, ಕೊರಳಿಗೆ ಬಿಲ್ಲೆ ತೂಗಿಸಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಆರು ವರ್ಷದ ಮಗಳು ಇಬ್ಬನಿ ಅವಳ ಸೆರಗು ಹಿಡಿದುಕೊಂಡಿದ್ದಳು. ಮಕ್ಕಳಿಗೆ ಒಳಗೆ ಪ್ರವೇಶವಿರಲಿಲ್ಲ.

"ಏನಯ್ಯಾ, ಈ ಸಲದ ತಂತಿ ಎಲ್ಲಿ? ಕೊಡಿಲ್ಲಿ, ನಾನೇ ಓದ್ತೀನಿ," ಎಂದು ಅವಳು ಗಂಡನ ಮುಂದೆ ಕೈ ಚಾಚಿದಳು.

ಓಬಳೇಶ ಜೇಬು ಮುಟ್ಟಿ ನೋಡಿಕೊಂಡ. ವೀಸಾ, ಊಟ, ಬಸ್ಸು ಎಂದು ಓಡಾಡುವ ಗಡಿಬಿಡಿಯಲ್ಲಿ ತಂತಿ ಬರೆಯುವುದನ್ನೇ ಮರೆತಿದ್ದ. ಮರೆತೆ ಎಂದು ಒಪ್ಪಿಕೊಳ್ಳುವುದು ಎರಡು ಮಾತಿನ ಕೆಲಸ. ಅಷ್ಟು ಜನರ ಮುಂದೆ ಅವನಿಗೆ ಅದು ಆಗಲಿಲ್ಲ.

"ತಂತಿ ತಾನಾಗೇ ಬರ್ತೈತೆ. ಸರಿಯಾದ ಹೊತ್ತಿಗೆ ಬರ್ತೈತೆ, ನೀನು ನೋಡ್ತಿರು."

"ಓಹೋ! ಏನೋ ಭಾರಿ ಮಸಲತ್ತು ಮಾಡಿದಂಗೈತೆ."

"ಮಾಡೀನಿ ಅಂತ್ಲೇ ಇಟ್ಕೋ."

ಹಂಸವೇಣಿ ನಕ್ಕು ಮಗಳ ಕಡೆ ಬಗ್ಗಿದಳು. ಇಬ್ಬನಿಯ ಮುಂದಿನ ಎರಡು ಹಾಲುಹಲ್ಲು ಆ ವಾರವಷ್ಟೇ ಬಿದ್ದಿದ್ದವು. "ಬುಧವಾರ ಮಧ್ಯಾಹ್ನ ಊಟಕ್ಕೆ ಬರ್ತೀನಿ ಪುಟ್ಟಿ. ಅಲ್ಲೀತಂಕ ಅಪ್ಪನ ಹತ್ರ ತಲೆ ಬಾಚಿಸ್ಕೋಬ್ಯಾಡ, ಗಂಟು ಬಿಡ್ಸೋದೇ ಇಲ್ಲ ಅವನು," ಎಂದಳು. ಬಾಗಿಲು ಮುಚ್ಚಿತು.

ಬುಧವಾರ ಬಾಗಿಲು ತೆರೆಯಲಿಲ್ಲ.

ಸಂಶೋಧನಾಲಯದ ಮುಖ್ಯಸ್ಥೆ ಡಾಕ್ಟರ್ ಪರ್ವೀನ್ ತಾಜ್ ನಿಯಂತ್ರಣ ಕೊಠಡಿಯಲ್ಲಿ ಮೂರು ದಿನದಿಂದ ಒಂದೇ ಸೀರೆಯಲ್ಲಿ ಕೂತಿದ್ದರು. ಒಳಗಿನ ಗಡಿಯಾರದ ಪ್ರತಿ ಸೆಕೆಂಡಿಗೆ ಹೊರಗೊಂದು ದೀಪ ಮಿನುಗುವಂತೆ ಮಾಡಿದ್ದರು. ಹೊರಗಿನ ಗಂಟೆಗೆ ಐವತ್ತು ಸಲ ಮಿನುಗಬೇಕಾದ ದೀಪ ಮೂರು ದಿನಗಳಲ್ಲಿ ಐದು ಸಲ ಮಿನುಗಿತ್ತು. ಉಪಕರಣ ಕೆಟ್ಟಿದೆಯೆಂದು ಅವರು ಅದನ್ನು ಎರಡು ಸಲ ಬದಲಾಯಿಸಿದ್ದರು.

"ಓಬಳೇಶ್, ಕೂತ್ಕೊಳ್ಳಿ. ಉಪಕರಣ ಕೆಟ್ಟಿಲ್ಲ," ಎಂದರು. "ಅವರಿಗೆ ಒಳಗೆ ಐದು ಸೆಕೆಂಡ್ ಆಗಿದೆ ಅಷ್ಟೇ. ಇನ್ನೂ ಕುರ್ಚಿ ಎಳ್ಕೊಂಡು ಕೂರ್ತಾ ಇದ್ದಾರೆ."

"ಹಂಗಾದ್ರೆ ಒಂದು ಗಂಟೆ ಮುಗಿಯೋದು ಯಾವಾಗ?"

ಪರ್ವೀನ್ ಲೆಕ್ಕವನ್ನು ಆಗಲೇ ಮಾಡಿದ್ದರು. "ಐದು ವರ್ಷ ಎಂಟು ತಿಂಗಳು," ಎಂದರು.

ಆದದ್ದು ಹೀಗೆ. ಪರೀಕ್ಷೆಗೆಂದು ಮಂಟಪದಲ್ಲಿ ಮನುಷ್ಯರ ಬದಲು ಅಷ್ಟೇ ತೂಕದ ಆರುನೂರ ಹನ್ನೆರಡು ಮರಳಿನ ಮೂಟೆಗಳನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಪ್ರತಿಯೊಬ್ಬ ಸದಸ್ಯನ ತೂಕ ಪತ್ರ ಬರೆದು ಕೇಳಿ, ಅಷ್ಟಷ್ಟೇ ಮರಳು ತುಂಬಿಸಿ, ಹೊಲಿಸಿ ತಂದವನು ಓಬಳೇಶ. ಬ್ರೆಜಿಲಿನ ದಪ್ಪ ಸಂಪಾದಕರಿಗೆ ದಪ್ಪ ಮೂಟೆ, ಹಂಸವೇಣಿಗೆ ಐವತ್ತೆರಡು ಕಿಲೋದ ಮೂಟೆ. ಅವನಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಲಾರರೆಂದು ಎಲ್ಲರೂ ಬೆನ್ನು ತಟ್ಟಿದ್ದರು. ಆದರೆ ಮರಳಿಗೆ ಮೈಬಿಸಿ ಇರುವುದಿಲ್ಲ. ಆರುನೂರು ಜೀವಗಳ ಬಿಸಿ ಸೇರಿದಾಗ ಕ್ಷೇತ್ರ ಹೆಪ್ಪುಗಟ್ಟಿತು. ಕಾಲ ಎಪ್ಪತ್ತೆರಡು ಪಟ್ಟು ನಿಧಾನವಾಗುವ ಬದಲು ಐವತ್ತು ಸಾವಿರ ಪಟ್ಟು ನಿಧಾನವಾಯಿತು. ತೂಕದ ಬಗ್ಗೆ ಅಷ್ಟೊಂದು ಯೋಚಿಸಿದವರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

"ವಿದ್ಯುತ್ ಕಿತ್ತುಬಿಡ್ರಿ ಮೇಡಂ!" ಎಂದು ಓಬಳೇಶ ಎದ್ದು ನಿಂತ.

"ಹೊರಗಿನಿಂದ ಆರಿಸಿದ್ರೆ ಕ್ಷೇತ್ರದ ಗಡಿ ಒಳಗೆ ಕುಸಿಯುತ್ತೆ. ಜನರ ಮೈ ಮೇಲೇ ಹಾಯ್ದು ಹೋಗುತ್ತೆ." ಪರ್ವೀನ್ ತಲೆ ತಗ್ಗಿಸಿದರು. "ಮೊದಲು ಒಂದು ಇಲಿ ಇಟ್ಟು ನೋಡಿದ್ವಿ. ಆಮೇಲೆ ಅದನ್ನ ಯಾರಿಗೂ ತೋರಿಸಲಿಲ್ಲ."

ಹೊರಗಿನಿಂದ ನಿಲ್ಲಿಸುವಂತಿಲ್ಲ. ಒಳಗಿನವರಿಗೆ ನಿಲ್ಲಿಸಬೇಕೆಂದು ಗೊತ್ತಿಲ್ಲ. ಹೊರಗಿನ ದಿನಾಂಕ ತೋರಿಸಲು ಅವರ ಗೋಡೆಯ ಮೇಲೊಂದು ಫಲಕವಿತ್ತು, ಆದರೆ ಅದು ನೋಡಿ ಹೇಳುತ್ತಿರಲಿಲ್ಲ, ಲೆಕ್ಕ ಹಾಕಿ ಹೇಳುತ್ತಿತ್ತು. ಎಷ್ಟೇ ಹೊತ್ತಾದರೂ ಅದು ಬುಧವಾರದ ಕಡೆಗೇ ನಡೆಯುತ್ತಿತ್ತು. ಓಬಳೇಶ ಮನೆಗೆ ಬಂದಾಗ ಇಬ್ಬನಿ ಬಾಗಿಲಲ್ಲಿ ಮೂರು ತಟ್ಟೆ ಹಾಕಿಕೊಂಡು ಕೂತಿದ್ದಳು. ಅವನು, ಅಮ್ಮ ಬರುವುದು ಸ್ವಲ್ಪ ತಡವಾಗುತ್ತದೆ ಎಂದ.

ಮನುಷ್ಯ ಎಂಥದಕ್ಕೂ ಒಗ್ಗಿಕೊಳ್ಳುತ್ತಾನೆ. ಒಗ್ಗಿಕೊಳ್ಳುವಾಗ ಅವನಿಗೇ ನಾಚಿಕೆಯಾಗುತ್ತದೆ. ಮೊದಲ ತಿಂಗಳು ಗಣಿಯ ಮುಂದೆ ಗಲಾಟೆ, ಪೊಲೀಸರು, ರಾಯಭಾರಿಗಳು. ಆರನೆಯ ತಿಂಗಳಿಗೆ ಚಹಾದಂಗಡಿ. ಎರಡನೆಯ ವರ್ಷಕ್ಕೆ ಗಣಿಯ ರಸ್ತೆಗೆ ಕಾಯುವವರ ಬೀದಿ ಎಂದೇ ಹೆಸರು ಬಿತ್ತು. ಒಳಗಿದ್ದವರ ಗಂಡಂದಿರು, ಹೆಂಡತಿಯರು, ತಾಯಂದಿರು ಅಲ್ಲಿ ಬಾಡಿಗೆ ಮನೆ ಹಿಡಿದರು. ಘಾನಾದಿಂದ ಬಂದ ಅಬೆನಾ ಎಂಬಾಕೆ ಒಳಗಿದ್ದ ತಮ್ಮನಿಗಾಗಿ ಕಾಯುತ್ತಾ ಕಾಯುತ್ತಾ ಕನ್ನಡ ಕಲಿತು ಇಬ್ಬನಿಯ ಶಾಲೆಯಲ್ಲೇ ಟೀಚರಾದಳು. ಮಂಡಕ್ಕಿಗೆ ಮೆಣಸಿನಕಾಯಿ ಬೋಂಡ ಕಡಿದುಕೊಂಡು, "ನನ್ ತಮ್ಮ ಒಳಗೆ ಆಕಳಿಸ್ತಾ ಅವ್ನೆ ಕಣಮ್ಮ, ಹೋದ ಮಂಗಳವಾರ ಶುರು ಮಾಡಿದ್ದು," ಎಂದು ಅಕ್ಕಪಕ್ಕದವರಿಗೆ ಹೇಳುವಷ್ಟು ಊರಿನವಳಾದಳು.

ಒಳಗೆ ನಡೆಯುವುದು ಹೊರಗಿನವರಿಗೆ ಕಾಣುವಂತೆ ಮಾಡಿದ್ದು ಪರ್ವೀನ್. ಮಂಟಪಕ್ಕೆ ಒಂದೇ ಒಂದು ದಪ್ಪ ಗಾಜಿನ ಕಿಟಕಿಯಿತ್ತು, ಅದರಲ್ಲಿ ಕಣ್ಣಿಗೆ ಬರೀ ಕತ್ತಲು ಕಾಣುತ್ತಿತ್ತು. ಒಳಗಿನ ಬೆಳಕು ಗಡಿ ದಾಟುವಾಗ ಐವತ್ತು ಸಾವಿರ ಪಟ್ಟು ಜಗ್ಗಿಕೊಂಡು ರೇಡಿಯೊ ಅಲೆಯಾಗಿ ಹೊರಬರುತ್ತದೆ ಎಂದು ನಾಲ್ಕು ತಿಂಗಳ ಮೇಲೆ ಅವರಿಗೆ ಹೊಳೆಯಿತು. ಕಿಟಕಿಗೆ ಆಂಟೆನಾ ಹಿಡಿದರು. ಅರ್ಧ ಗಂಟೆಗೊಂದು ಚಿತ್ರ ಮೂಡಿತು. ಚಿತ್ರಗಳನ್ನು ಜೋಡಿಸಿದಾಗ ತಿಂಗಳಿಗೆ ಹೆಚ್ಚುಕಡಿಮೆ ಒಂದು ನಿಮಿಷದ ಸಿನಿಮಾ ಆಯಿತು. ತಿಂಗಳ ಮೊದಲ ಭಾನುವಾರ ಕಾಯುವವರೆಲ್ಲ ನಿಯಂತ್ರಣ ಕೊಠಡಿಯಲ್ಲಿ ಸೇರಿ ಆ ಒಂದು ನಿಮಿಷವನ್ನು ಹತ್ತಾರು ಸಲ ನೋಡುತ್ತಿದ್ದರು. ಸದ್ದಿಲ್ಲದ ಸಿನಿಮಾ. ಇಬ್ಬನಿ ಪರದೆಗೆ ಮೂಗು ತಾಗಿಸಿ ಕೂತು ತುಟಿ ಓದುವುದನ್ನು ಕಲಿತಳು.

"ಅಪ್ಪಾ, ಅಮ್ಮ ಈ ತಿಂಗಳು ಕನ್ನಡಕ ಒರೆಸ್ಕಂಡ್ಳು," ಎನ್ನುತ್ತಿದ್ದಳು. ಇನ್ನೊಂದು ಸಲ, "ಅಮ್ಮ ನಿನ್ನ ಹೆಸ್ರು ಹೇಳಿದ್ಳು. 'ಓಬಳೇಶ ಹೊರಗೆ ಬಿಸಿಲಲ್ಲಿ ಬೇಯ್ತಿದಾನೆ' ಅಂದ್ಳು. ಎಲ್ಲಾರೂ ನಕ್ರು." ಆ ತಿಂಗಳು ಆಷಾಢದ ಚಳಿಗಾಳಿ. ಓಬಳೇಶ ಸ್ವೆಟರ್ ಹಾಕಿಕೊಂಡು ಕೂತಿದ್ದ.

ಇಬ್ಬನಿಗೆ ಹೊಸ ಹಲ್ಲು ಬಂದವು, ಒಂದು ಸೊಟ್ಟಗೆ. ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡಳು, ಕೈ ಕೂಡಿಕೊಂಡಿತು. ಅಷ್ಟರಲ್ಲಿ ಹಂಸವೇಣಿ ಒಂದು ಲೋಟ ನೀರು ಕುಡಿದಿದ್ದಳು. ಮೂರನೆಯ ವರ್ಷ ಹಂಸವೇಣಿಯ ತಾಯಿ ತೀರಿಕೊಂಡರು. ಹಂಸವೇಣಿ ಪರದೆಯ ಮೇಲೆ ಎಸ್ತೋನಿಯಾದ ಅತಿಥಿಯ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದ ತಿಂಗಳು ಅದು. ಓಬಳೇಶನಿಗೆ ಆ ನಗು ನೋಡಿ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ಅಳು ಬಂತು. ಅವಳ ತಪ್ಪೇನು? ಅವಳ ಪಾಲಿಗೆ ಅಮ್ಮ ಇನ್ನೂ ಮನೆಯಲ್ಲಿ ಅಡುಗೆ ಮಾಡುತ್ತಿದ್ದಾರೆ.

ಅವನನ್ನು ಒಂದೇ ಒಂದು ಯೋಚನೆ ಕೊರೆಯುತ್ತಿತ್ತು. ಒಂದು ಗಂಟೆ ಹೇಗೋ ಮುಗಿದೀತು. ಐವತ್ತೆಂಟನೆಯ ನಿಮಿಷದಲ್ಲಿ ಅವರು ಕೈ ಎತ್ತಿದರೆ? ಇಪ್ಪತ್ತು ವರ್ಷಗಳಲ್ಲಿ ಕೈ ಎತ್ತದೆ ಕೂತ ಒಬ್ಬನನ್ನೂ ಅವನು ಕಂಡಿರಲಿಲ್ಲ. ಎತ್ತಿದರೆ ಹಾಲೇಶ್ ಸನ್ನೆ ಎಳೆಯುತ್ತಾನೆ, ಇನ್ನೂ ಐದು ವರ್ಷ ಎಂಟು ತಿಂಗಳು. ಹಂಸವೇಣಿ ಹೊರಗೆ ಬರುವಾಗ ಇಬ್ಬನಿಗೆ ಹದಿನೇಳು ತುಂಬಿರುತ್ತದೆ.

ಒಳಗಿನ ಬೆಳಕು ಹೊರಗೆ ರೇಡಿಯೊ ಅಲೆಯಾಗುವುದಾದರೆ, ಹೊರಗಿನ ರೇಡಿಯೊ ಅಲೆ ಒಳಗೆ ಬೆಳಕಾಗಬೇಕಲ್ಲ? ಪರ್ವೀನ್ ಎರಡನೆಯ ವರ್ಷವೇ ಒಂದು ಹಲಗೆ ಕಟ್ಟಿದರು. ಅದರ ತುಂಬ ಸಾವಿರಾರು ಪುಟ್ಟ ಆಂಟೆನಾಗಳು. ಅದನ್ನು ಕಿಟಕಿಗೆ ಹಿಡಿದರೆ ಒಳಗಿನವರಿಗೆ ಗಾಜಿನ ಮೇಲೆ ಹೊಳೆಯುವ ಅಕ್ಷರ ಮತ್ತು ಚಿತ್ರ ಕಾಣುತ್ತವೆ. ಅಲೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಒಳಗಿನವರ ಕಣ್ಣು ಹೋಗುವ ಭಯವಿತ್ತು. ಹಾಗಾಗಿ ಮೂವತ್ತೊಂದು ದೇಶಗಳ ಒಪ್ಪಿಗೆ ಬೇಕೆಂದು ಸರ್ಕಾರ ಹೇಳಿತು. ಒಪ್ಪಿಗೆಗೆ ಮೂರೂವರೆ ವರ್ಷ ಹಿಡಿಯಿತು. ಅಪಾಯದ ಬಗ್ಗೆ ಒಂದೇ ತಿಂಗಳಲ್ಲಿ ಎಲ್ಲರೂ ಒಪ್ಪಿದ್ದರು. ಉಳಿದ ಕಾಲವೆಲ್ಲ ಯಾರ ಭಾಷೆ ಮೇಲಿರಬೇಕು ಎನ್ನುವುದಕ್ಕೆ ಹೋಯಿತು. ಕೊನೆಗೆ ಇಂಗ್ಲಿಷಿನಲ್ಲಿ ಎರಡು ಸಾಲು, ಒಂದು ಚಿತ್ರ, ಒಂದೇ ಸಂದೇಶ, ಹದಿನಾಲ್ಕು ದಿನ ಮಾತ್ರ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಒಳಗೆ ಐವತ್ತೇಳನೆಯ ನಿಮಿಷ ನಡೆಯುತ್ತಿತ್ತು.

ಎರಡು ಸಾಲು ಬರೆಯುವ ಕೆಲಸ ಓಬಳೇಶನಿಗೆ ಬಂತು. ಒಳಗಿನವರ ಮನಸ್ಸು ಅವನಿಗೆ ಚೆನ್ನಾಗಿ ಗೊತ್ತು ಎಂದು ಎಲ್ಲರ ಅಭಿಪ್ರಾಯ.

ಅವನು ಪೆನ್ನು ಹಿಡಿದು ಕೂತ. 'ಇದು ತಮಾಷೆಯಲ್ಲ' ಎಂದು ಬರೆದ, ಬೆವರಿದ, ಹೊಡೆದುಹಾಕಿದ. ಅವನ ಹನ್ನೆರಡು ತಂತಿಗಳಲ್ಲಿ ಒಂಬತ್ತು ಶುರುವಾಗಿದ್ದು ಹಾಗೆಯೇ. 'ತಕ್ಷಣ ಹೊರಗೆ ಬನ್ನಿ' ಎಂದ. ಅದೂ ಅವನದೇ. ನಿಜವನ್ನು ಎಷ್ಟು ನೆಟ್ಟಗೆ ಬರೆದರೂ ಅವನ ಹಳೆಯ ಕೀಟಲೆಯಂತೆಯೇ ಕಾಣುತ್ತಿತ್ತು. ಸಾಲದ್ದಕ್ಕೆ, ತಂತಿ ಸರಿಯಾದ ಹೊತ್ತಿಗೆ ತಾನಾಗೇ ಬರುತ್ತದೆ ಎಂದು ಹೆಂಡತಿಗೆ ಹೇಳಿ ಕಳಿಸಿದ್ದ.

"ಮೇಡಂ, ಬೇರೆ ಯಾರಾದ್ರೂ ಬರೀಲಿ," ಎಂದು ಪರ್ವೀನರ ಮುಂದೆ ಕಾಗದ ಇಟ್ಟ.

"ಯಾರು ಬರೆದ್ರೂ ನೀವೇ ಬರೆದದ್ದು ಅಂತಾರೆ. ಇರೋದು ಇದ್ದ ಹಾಗೆ ಬರೀರಿ."

ಅವನು ಬರೆದ: 'ಮಂಟಪದ ಲೆಕ್ಕ ತಪ್ಪಿದೆ. ಹೊರಗೆ ಐದೂವರೆ ವರ್ಷ ಕಳೆದಿದೆ, ಕೈ ಎತ್ತಬೇಡಿ.' ಅದರ ಕೆಳಗೆ ಇಬ್ಬನಿಯ ಫೋಟೋ. ಹನ್ನೊಂದು ದಾಟಿದ, ಎರಡು ಜಡೆಯ, ಸೊಟ್ಟ ಹಲ್ಲಿನ ಇಬ್ಬನಿ. ಅಕ್ಷರಗಳನ್ನು ನಂಬದಿದ್ದರೂ ಹಂಸವೇಣಿ ಮಗಳ ಮುಖವನ್ನು ನಂಬಿಯಾಳು ಎಂಬುದು ಅವನ ಆಸೆ.

ಸೋಮವಾರ ಬೆಳಿಗ್ಗೆ ಪರ್ವೀನ್ ಹಲಗೆ ಹೊತ್ತಿಸಿದರು. ಕಾಯುವವರ ಬೀದಿಯ ಜನವೆಲ್ಲ ಹೊರಗೆ ಅಂಗಳದಲ್ಲಿ ಕೂತಿದ್ದರು. ಒಳಗಿನವರು ಕಿಟಕಿಯ ಕಡೆ ಕತ್ತು ತಿರುಗಿಸಲು ಸಂಜೆಯಾಯಿತು. ಮಂಗಳವಾರವಿಡೀ ಓದಿದರು. ಓಬಳೇಶ ಅರ್ಧ ಗಂಟೆಗೊಮ್ಮೆ ಮೂಡುವ ಚಿತ್ರಗಳನ್ನು ನೋಡುತ್ತಿದ್ದ.

ಬುಧವಾರ ಬೆಳಿಗ್ಗೆ ಮೊದಲ ಸಾಲಿನಲ್ಲಿ ಎಸ್ತೋನಿಯಾದ ಅತಿಥಿಯ ಗಡ್ಡದ ನಡುವೆ ಹಲ್ಲು ಕಂಡವು. ಅಬೆನಾಳ ತಮ್ಮ ಪಕ್ಕದವನ ಭುಜದ ಮೇಲೆ ಕೈ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಇಡೀ ಸಭೆ ಬಾಯಿ ಅಗಲಿಸಿತ್ತು.

"ಏನಾಗಿದೆ? ಹೆದರಿದ್ರಾ?" ಎಂದು ಪರ್ವೀನ್ ಕೇಳಿದರು.

ಓಬಳೇಶನಿಗೆ ಆ ಮುಖಗಳು ಚೆನ್ನಾಗಿ ಗೊತ್ತಿದ್ದವು. ಹನ್ನೆರಡು ವರ್ಷ ಆ ಮುಖಗಳಿಗಾಗಿಯೇ ಬರೆದವನು ಅವನು. "ಇಲ್ಲ ಮೇಡಂ," ಎಂದ. "ನಗ್ತಿದಾರೆ."

ಗುರುವಾರ ಆರುನೂರು ಜನ ಚಪ್ಪಾಳೆ ತಟ್ಟಲು ಕೈ ಅಗಲಿಸಿದರು. ಹಂಸವೇಣಿ ವೇದಿಕೆಯ ಮೇಲೆ ಮಗಳ ಚಿತ್ರವನ್ನು ನೋಡಿ ಹೆಮ್ಮೆಯಿಂದ ತಲೆಯಾಡಿಸುತ್ತಿದ್ದಳು. ಪುಟ್ಟಿಗೆ ವಯಸ್ಸಾಗಿಸಿ ಎಷ್ಟು ಚೆನ್ನಾಗಿ ಚಿತ್ರ ಮಾಡಿಸಿದ್ದಾನೆ ನನ್ನ ಗಂಡ ಎನ್ನುವ ಹೆಮ್ಮೆ. ಓಬಳೇಶ ಜೀವಮಾನದಲ್ಲಿ ಬರೆದ ತಂತಿಗಳಲ್ಲೆಲ್ಲ ಅತಿ ಹೆಚ್ಚು ಮೆಚ್ಚುಗೆ ಪಡೆದದ್ದು ಇದು. ಅವನು ಪರ್ವೀನರ ಕಡೆ ತಿರುಗಿದ.

"ಅಳಿಸಿಬಿಡ್ರಿ! ಬೇರೆ ಬರೀತೀನಿ. ಅವಳಿಗೆ ಒಬ್ಳಿಗೇ ಗೊತ್ತಿರೋ ಮಾತು ಬರೀತೀನಿ!"

"ಒಪ್ಪಿಗೆ ಇರೋದು ಇದೊಂದಕ್ಕೇ," ಎಂದರು ಪರ್ವೀನ್. ಆದರೂ ದೆಹಲಿಗೆ ಫೋನು ಮಾಡಿದರು, ಬೇಡಿಕೊಂಡರು, ಕೂಗಾಡಿದರು. ಮುಂದಿನ ವಾರ ಸಭೆ ಕರೆಯುತ್ತೇವೆ ಎಂದು ಅಲ್ಲಿಂದ ಉತ್ತರ ಬಂತು.

ಶುಕ್ರವಾರ, ಶನಿವಾರ ಹಂಸವೇಣಿಯ ತುಟಿಗಳು ಅಲುಗಿದವು. ಇಬ್ಬನಿ ಓದಿ ಹೇಳಿದಳು: "ಸಾಕೋ... ಇನ್ನೂ..."

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮೊದಲ ಕೈಗಳು ತೊಡೆಯಿಂದ ಮೇಲೆದ್ದವು. ಹತ್ತು ಗಂಟೆಗೆ ಎದೆಯ ಮಟ್ಟಕ್ಕೆ ಬಂದವು. ಅಬೆನಾ ಪರದೆಯ ಮುಂದೆ ನಿಂತು, "ಇಳಿಸೋ, ನಮ್ಮಪ್ಪ, ಇಳಿಸೋ," ಎಂದು ತಮ್ಮನನ್ನು ಬೇಡುತ್ತಿದ್ದಳು. ಮಧ್ಯಾಹ್ನ ಮೂರಕ್ಕೆ ಆರುನೂರು ಕೈಗಳು ತಲೆಯ ಮೇಲಿದ್ದವು. ಓಬಳೇಶ ಅವ್ಯಾವುದನ್ನೂ ನೋಡುತ್ತಿರಲಿಲ್ಲ. ಹಂಸವೇಣಿಯ ಬಲಗೈಯನ್ನೇ ನೋಡುತ್ತಿದ್ದ. ಅಧ್ಯಕ್ಷರು ಕೈ ಎತ್ತಲೇಬೇಕೆಂದಿಲ್ಲ. ಅವಳ ಕೈ ಸೀರೆಯ ನೆರಿಗೆಯ ಮೇಲಿತ್ತು. ನಾಲ್ಕಕ್ಕೆ ಬಳೆ ಸ್ವಲ್ಪ ಜಾರಿತು. ಐದಕ್ಕೆ ಮೊಣಕೈ ಮಡಿಸಿತು. ಸಂಜೆ ಏಳರ ಹೊತ್ತಿಗೆ ಅವಳ ಕೈ ಎಲ್ಲರಿಗಿಂತ ಎತ್ತರದಲ್ಲಿತ್ತು, ಅವಳು ನೇರವಾಗಿ ಕಿಟಕಿಯನ್ನು, ಅಂದರೆ ಅವನನ್ನು, ನೋಡಿ ನಗುತ್ತಿದ್ದಳು.

ಮಂಗಳವಾರ ಹಾಲೇಶ್ ಸನ್ನೆ ಎಳೆದ. ಕಾರ್ಯಕ್ರಮದ ಪಟ್ಟಿಯನ್ನು ಒಂದಕ್ಷರವೂ ತಪ್ಪದೆ ಪಾಲಿಸಿದ.

ಆಮೇಲಿನ ಚಿತ್ರಗಳನ್ನು ನೋಡುವ ಮನಸ್ಸು ಯಾರಿಗೂ ಇರಲಿಲ್ಲ. ಬೀದಿಯವರು ಒಬ್ಬೊಬ್ಬರಾಗಿ ಮನೆಗೆ ಹೋದರು. ಇಬ್ಬನಿ ಮಾತ್ರ ಶಾಲೆ ಬಿಟ್ಟ ಕೂಡಲೇ ಬಂದು ಪರದೆಯ ಮುಂದೆ ಕೂರುತ್ತಿದ್ದಳು. ಶುಕ್ರವಾರ ರಜೆಯಿತ್ತು, ಬೆಳಿಗ್ಗೆಯಿಂದಲೂ ಕೂತಿದ್ದಳು. ಹತ್ತೂವರೆಗೆ ತಂದೆಯನ್ನು ಕೂಗಿದಳು.

"ಅಪ್ಪಾ, ಇಲ್ಲಿ ನೋಡು. ಎಲ್ಲಾರೂ ಆ ಕಡೆ ತಿರುಗಿದಾರೆ. ಅಮ್ಮ ಇನ್ನೂ ಇತ್ಲಾಗೇ ನೋಡ್ತಿದಾಳೆ."

ಹೌದು. ಹಂಸವೇಣಿಯ ಕೈ ಅರ್ಧಕ್ಕೆ ಇಳಿದು ನಿಂತಿತ್ತು. ನಗು ಇನ್ನೂ ಇತ್ತು, ಆದರೆ ಕಣ್ಣಿನಿಂದ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ತುಟಿಯಿಂದಲೂ ಹೋಯಿತು. ಮಗಳ ಚಿತ್ರದಲ್ಲಿ ಏನು ಕಂಡಳೋ, ಆ ಸೊಟ್ಟ ಹಲ್ಲೋ, ಕಣ್ಣಿನ ಕೆಳಗಿನ ಬಳಲಿಕೆಯೋ, ಓಬಳೇಶನಿಗೆ ತಿಳಿಯಲಿಲ್ಲ. ಕೇಳಲು ಇನ್ನು ಐದು ವರ್ಷ ಎಂಟು ತಿಂಗಳು ಕಾಯಬೇಕು. ಆದರೆ ಅವಳಿಗೆ ಗೊತ್ತಾಗಿತ್ತು. ಅದರಲ್ಲಿ ಸಂಶಯವಿರಲಿಲ್ಲ.

"ಏನೋ ಹೇಳ್ತಿದಾಳೆ," ಎಂದಳು ಇಬ್ಬನಿ. ಒಂದು ಗಂಟೆಯಿಂದ ಸಂಜೆಯವರೆಗೂ ತಾಯಿಯ ತುಟಿ ತೆರೆದು, ಮುಚ್ಚಿ, ಮತ್ತೆ ತೆರೆಯುವುದನ್ನು ಅವಳು ಕಣ್ಣು ಕೀಳದೆ ನೋಡಿದಳು. "ನನ್ನ ಹೆಸ್ರು," ಎಂದಳು ಆಮೇಲೆ. "ಪುಟ್ಟಿ ಅಲ್ಲ. ಇಬ್ಬನಿ ಅಂದ್ಳು."

ಮರುದಿನ ಬೆಳಗಿನ ಹೊತ್ತಿಗೆ ಹಂಸವೇಣಿ ಹಾಲೇಶನ ಕಡೆ ತಿರುಗಿ ಒಂದು ಹೆಜ್ಜೆ ಎತ್ತಿದ್ದಳು. ಅವನ ಹತ್ತಿರ ಹೋಗಲು ಅವಳಿಗೆ ಇನ್ನೂ ಎರಡು ಮೂರು ದಿನ ಬೇಕು, ಹೋದರೂ ಆ ಸನ್ನೆ ವಾಪಸು ಬರುವುದಿಲ್ಲ. ಓಬಳೇಶನಿಗೆ ಅವಳನ್ನು ಕೂಗಿ ಹೇಳಬೇಕೆನಿಸಿತು: ಸುಮ್ಮನೆ ಕೂತುಕೋ ಮಾರಾಯ್ತಿ, ಆಯಾಸ ಮಾಡಿಕೊಳ್ಳಬೇಡ.

ಪರ್ವೀನ್ ಒಳಗೆ ಬಂದು, "ನಾಳೆಗೆ ಹದಿನಾಲ್ಕು ದಿನ ಮುಗಿಯುತ್ತೆ ಓಬಳೇಶ್. ಹಲಗೆ ಆರಿಸಬೇಕು," ಎಂದರು.

"ಈಗಲೇ ಆರಿಸಿಬಿಡ್ರಿ ಮೇಡಂ. ಗೊತ್ತಾಗಿ ಏನು ಮಾಡ್ತಾಳೆ? ಇನ್ನು ನೋಡಿದಷ್ಟೂ ಸಂಕಟ."

"ಬ್ಯಾಡ, ಆರಿಸ್ಬ್ಯಾಡಿ," ಎಂದು ಇಬ್ಬನಿ ಎದ್ದಳು. "ನಾನು ದಿನಾ ಬಂದು ಅದರ ಮುಂದೆ ನಿಂತ್ಕೋತೀನಿ. ನಾನು ದೊಡ್ಡೋಳಾಗೋದನ್ನ ಅಮ್ಮ ನೋಡ್ಲಿ."

ಪರ್ವೀನ್ ಅವಳ ತಲೆ ಸವರಿದರು. "ನಿಂತ್ಕೊಳ್ಳೋದು ಯಾಕಮ್ಮ, ಒಪ್ಪಿಗೆ ಸಿಕ್ಕಿದ್ರೆ ತಿಂಗಳಿಗೊಂದು ಫೋಟೋ ಹಾಕೋಣ."

"ಫೋಟೋ ನೋಡಿ ಅವ್ರು ನಕ್ರು ಆಂಟಿ. ನಾನೇ ನಿಂತ್ಕೋತೀನಿ."

"ಇಬ್ಬನೀ," ಎಂದ ಓಬಳೇಶ. "ಒಂದೇ ಗಂಟೇಲಿ ನೀನು ಹದಿನೇಳು ವರ್ಷದೋಳಾಗಿಬಿಡ್ತೀಯ ಅವಳಿಗೆ. ಅವಳು ಏನೂ ಮಾಡಾಕಾಗಲ್ಲ. ಸುಮ್ನೆ ಕೂತು ನೋಡ್ಬೇಕು ಅಷ್ಟೇ."

"ನಾವೇನು ಮಾಡ್ತಿದೀವಿ ಮತ್ತೆ?" ಎಂದಳು ಮಗಳು.

ಪರ್ವೀನ್ ಅಪ್ಪ ಮಗಳಿಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದರು. ದೆಹಲಿಗೆ ಏನು ಉತ್ತರ ಕೊಡಬೇಕೆಂದು ಯೋಚಿಸಿದರೋ ಇಲ್ಲವೋ, ಫೋಟೋ ತೆಗೆದುಹಾಕಿ ಹಲಗೆಯನ್ನು ಕ್ಯಾಮೆರಾಕ್ಕೆ ಜೋಡಿಸಿದರು. ಇಬ್ಬನಿ ಜಡೆಗಳನ್ನು ಬೆನ್ನ ಹಿಂದೆ ಸರಿಸಿಕೊಂಡು ಅದರ ಮುಂದೆ ಹೋಗಿ ನಿಂತಳು. ಅಪ್ಪ ಕುರ್ಚಿ ತಂದು ಕೊಟ್ಟರೂ ಕೂರಲಿಲ್ಲ. ತಾಯಿಗೆ ಅರ್ಧ ಸೆಕೆಂಡಾದರೂ ಕಾಣಬೇಕೆಂದು ಸಂಜೆಯ ತನಕ ಅಲುಗಾಡದೆ ನಿಂತೇ ಇದ್ದಳು.